‘ಪಲ್ಲಟ’ ಎಂಬ ಮಾತು: ಅದರ ಹುಟ್ಟು ಮತ್ತು ಅರ್ಥ

ಲೋಕದಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಬದಲಾವಣೆ, ಮಾರ್ಪಾಡು, ಪರಿವರ್ತನೆ, ವ್ಯತ್ಯಾಸ, ಏರುಪೇರು, ಪಲ್ಲಟ ಹೀಗೆ ಎಣಿಸುತ್ತ ಹೋಗಬಹುದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನಾವು ವಿದ್ಯಾರ್ಥಿಗಳು ಕೈಗೆ ಸಿಕ್ಕಿದ್ದನ್ನು ಬರೆದುಬಿಡುತ್ತೇವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಅರ್ಥಕ್ಕೆ ಹಾನಿಯಿಲ್ಲವೆಂದೇ ನಮ್ಮ ನಂಬಿಕೆ. ಈ ನಂಬಿಕೆ ಸರಿಯೇ ಎಂದು ಪರೀಕ್ಷಿಸಿ ನೋಡುವ ಉದ್ದೇಶದಿಂದ ಇವುಗಳಲ್ಲಿ ‘ಪಲ್ಲಟ’ ಎಂಬ ಒಂದು ಮಾತನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಟ್ಟೊಟ್ಟಿಗೆ ಕಿವಿಗೆ ಬೀಳುವ ನಮ್ಮ ಅಂಬೇವಾಡಿಯಂಥ ಊರಿನಲ್ಲಿ ಈ ಮಾತಿನ ನಂಟರನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಮೊದಲು ಬಳಕೆಯನ್ನು ನೋಡೋಣ. ಇದ್ದ ಎಡೆಯಿಂದ ಕದಲಿ ಬೇರೆ ಎಡೆಗೆ ಹೋದರೆ ಅದು ‘ಸ್ಥಾನಪಲ್ಲಟ’. ಶಬ್ದದೊಳಗಿನ ಅಕ್ಷರಗಳು ಹಿಂದುಮುಂದಾದರೆ ವ್ಯಾಕರಣದಲ್ಲಿ ಅದು ‘ವರ್ಣಪಲ್ಲಟ’. ಕ್ರಮ ತಪ್ಪಿ ಗೊಂದಲವಾದರೂ ‘ಎಲ್ಲ ಪಲ್ಲಟವಾಯಿತು’ ಎನ್ನುವುದುಂಟು. ಇತ್ತೀಚಿನ ವಿಮರ್ಶಕರಂತೂ ಸಾಹಿತ್ಯದ, ಸಮಾಜದ ದಿಕ್ಕು ತಿರುಗಿದ ಸಂದರ್ಭಗಳಿಗೆಲ್ಲ ಈ ಮಾತನ್ನು ಬಳಸುತ್ತಾರೆ. ಸ್ಥಾನ ತಪ್ಪುವುದು, ಮಗುಚುವುದು, ಕ್ರಮ ಕೆಡುವುದು ಎಂಬ ಮೂರು ಭಾವನೆಗಳು ಇಲ್ಲಿ ಒಟ್ಟಿಗೆ ಸೇರಿಕೊಂಡಿವೆ. ಇವು ಹೇಗೆ ಕೂಡಿದವೆಂಬುದನ್ನು ಮಾತಿನ ಹುಟ್ಟು ತಿಳಿಸುತ್ತದೆ.

ಸಂಸ್ಕೃತದಲ್ಲಿ ‘ಅಸ್’ ಎಂಬ ಧಾತುವಿಗೆ ‘ಎಸೆ’ ಎಂದು ಅರ್ಥ. (‘ಇರು’ ಎಂಬ ಅರ್ಥದ ‘ಅಸ್’ ಧಾತು ಬೇರೆ.) ಅದಕ್ಕೆ ‘ಪರಿ’ ಎಂಬ ಉಪಸರ್ಗ ಸೇರಿದರೆ ‘ಪರ್ಯಸ್ತ’ ಎಂದಾಗುತ್ತದೆ, ಅಂದರೆ ಸುತ್ತ ಎಸೆಯಲ್ಪಟ್ಟದ್ದು, ಚೆಲ್ಲಿಹೋದದ್ದು, ಮಗುಚಿಬಿದ್ದದ್ದು. ಈ ‘ಪರ್ಯಸ್ತ’ವು ಪ್ರಾಕೃತದಲ್ಲಿ ‘ಪಲ್ಲಟ್ಟ’, ‘ಪಲ್ಲತ್ಥ’ ಎಂಬ ರೂಪಗಳನ್ನು ತಾಳುತ್ತದೆಂದು 12ನೆಯ ಶತಮಾನದಲ್ಲಿ ಗುಜರಾತಿನ ಜೈನ ಪಂಡಿತ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ ವಿಧಿಸಿದ್ದಾನೆ. ‘ರ್ಯ’ ಎಂಬ ಒತ್ತಕ್ಷರ ‘ಲ್ಲ’ ಆಯಿತು. ‘ಸ್ತ’ ಎಂಬುದು ‘ಟ್ಟ’ ಆಯಿತು. ಕನ್ನಡದ ‘ಪಲ್ಲಟ’ ಈ ‘ಪಲ್ಲಟ್ಟ’ದಿಂದ ಬಂದ ತದ್ಭವ.

ಒಂದೇ ಶಬ್ದವನ್ನು ಹಿಡಿದು ಹೀಗೆ ಹೇಳಿದರೆ ಯಾರಾದರೂ ‘ಇದು ಕಾಕತಾಳೀಯ’ ಎಂದಾರು. ಆದ್ದರಿಂದ ಅದೇ ದಾರಿಯಲ್ಲಿ ನಡೆದುಬಂದ ಬೇರೆ ಶಬ್ದಗಳನ್ನೂ ನೋಡಬೇಕು. ಕುದುರೆಯ ಜೀನಿಗೆ ಸಂಸ್ಕೃತದಲ್ಲಿ ‘ಪರ್ಯಾಣ’, ಪ್ರಾಕೃತದಲ್ಲಿ ‘ಪಲ್ಲಾಣ’, ಕನ್ನಡದಲ್ಲಿ ‘ಪಲ್ಲಣ’. ಮಂಚಕ್ಕೆ ಸಂಸ್ಕೃತದಲ್ಲಿ ‘ಪರ್ಯಂಕ’, ಪ್ರಾಕೃತದಲ್ಲಿ ‘ಪಲ್ಲಂಕ’. ಹಿಂದಿಯ ‘ಪಲಂಗ್’ ಅದರಿಂದಲೇ ಬಂದದ್ದು, ಹೆಗಲ ಮೇಲೆ ಹೊತ್ತೊಯ್ಯುವ ನಮ್ಮ ‘ಪಲ್ಲಕ್ಕಿ’ಯೂ ಅದರ ಬಳಗವೇ. ಮೂರು ಕಡೆಯೂ ‘ರ್ಯ’ಕ್ಕೆ ‘ಲ್ಲ’ ಬಂದಿರುವುದರಿಂದ ಇದು ಆಕಸ್ಮಿಕವಲ್ಲ, ನಿಯಮವೆಂದು ಧೈರ್ಯವಾಗಿ ಹೇಳಬಹುದು. ಇಂಥ ತದ್ಭವಗಳ ವಿಚಾರಕ್ಕಾಗಿಯೇ 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಪ್ರಕರಣವೆಂಬ ಪ್ರತ್ಯೇಕ ಭಾಗವನ್ನೇ ಮೀಸಲಾಗಿಟ್ಟಿದ್ದಾನೆ.

ಪ್ರಾಕೃತ ನಮ್ಮ ನಾಡಿಗೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ಶಾಸನಗಳು ಹುಟ್ಟುವುದಕ್ಕೆ ಮೊದಲು ಇಲ್ಲಿ ಕಲ್ಲಿನ ಮೇಲಿನ ಭಾಷೆ ಪ್ರಾಕೃತವೇ ಆಗಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದಲ್ಲಿರುವ ಹೆಡೆಯೆತ್ತಿದ ನಾಗಶಿಲ್ಪದ ಮೇಲೆ ಚುಟು ಅರಸರ ಕಾಲದ ಪ್ರಾಕೃತ ಶಾಸನವಿದೆ. ಅರಸರ ಆಡಳಿತದ ಜೊತೆಗೆ, ಬೌದ್ಧ ಜೈನ ಮುನಿಗಳ ಜೊತೆಗೆ, ವ್ಯಾಪಾರಿಗಳ ಜೊತೆಗೆ ಪ್ರಾಕೃತದ ಮಾತುಗಳು ಕನ್ನಡಕ್ಕೆ ನಡೆದುಬಂದವು.

ಈ ಮಾತು ಹಳೆಯ ಹಂತದಲ್ಲಿಯೇ ಬಂದದ್ದೆಂಬುದಕ್ಕೆ ಅದರ ರೂಪವೇ ಸಾಕ್ಷಿ. ಪ್ರಾಕೃತದ ಇಮ್ಮಡಿ ಅಕ್ಷರಗಳನ್ನು ಮುಂದಿನ ಕಾಲದ ಉತ್ತರದ ಭಾಷೆಗಳು ಸಡಿಲಿಸಿಬಿಟ್ಟವು. ಮರಾಠಿಯಲ್ಲಿ ‘ಪಾಲಟಣೇ’, ಹಿಂದಿಯಲ್ಲಿ ‘ಪಲಟನಾ’ ಎಂದಾದವು. ಕನ್ನಡವಾದರೋ ‘ಲ್ಲ’ವನ್ನು ಇಂದಿಗೂ ಗಟ್ಟಿಯಾಗಿ ಹಿಡಿದುಕೊಂಡಿದೆ. ಇನ್ನೊಂದು ವಿಶೇಷವೂ ಇಲ್ಲಿದೆ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂದು ನಾವೆಲ್ಲ ಓದಿದ್ದೇವೆ: ‘ಪಾಲು’ ಹಾಲಾಯಿತು, ‘ಪುಲಿ’ ಹುಲಿಯಾಯಿತು, ಎರವಲು ಬಂದ ‘ಪಲ್ಲಣ’ವೂ ‘ಹಲ್ಲಣ’ವಾಯಿತು. ಆದರೆ ನಾವಿಂದು ‘ಹಲ್ಲಟ’ ಎನ್ನುವುದಿಲ್ಲ. ಬದಲಾವಣೆಯನ್ನು ಹೇಳುವ ಮಾತೇ ತನ್ನ ಮೊದಲ ಅಕ್ಷರವನ್ನು ಬದಲಿಸಿಕೊಳ್ಳದೆ ಉಳಿದಿದೆ!

ಈ ಮಾತು ಕನ್ನಡಕ್ಕೆ ಬಂದದ್ದು ಒಂದೇ ಸಲವಲ್ಲ. ಮೊದಲು ಪ್ರಾಕೃತದಿಂದ ‘ಪಲ್ಲಟ’ವಾಗಿ ಬಂದಿತು. ಎರಡನೆಯ ಸಲ ಹಿಂದಿ, ಮರಾಠಿಗಳ ಮೂಲಕ ‘ಪಲ್ಟಿ’ಯಾಗಿ ಬಂದಿತು. ಘಟ್ಟದ ತಿರುವಿನಲ್ಲಿ ಲಾರಿ ಮಗುಚಿದರೆ ‘ಲಾರಿ ಪಲ್ಟಿ ಹೊಡೆಯಿತು’ ಎನ್ನುತ್ತೇವೆ. ಕೆಲಸ ತಲೆಕೆಳಗಾದರೆ ‘ಉಲ್ಟಾಪಲ್ಟಾ ಆಯಿತು’ ಎನ್ನುತ್ತೇವೆ. ಮೂರನೆಯದಾಗಿ ಪಂಡಿತರ ಬಾಯಿಂದ ನೇರವಾಗಿ ಸಂಸ್ಕೃತದ ‘ವಿಪರ್ಯಾಸ’ ಬಂದಿತು. ಅಲ್ಲಿಯೂ ಇರುವುದು ಅದೇ ‘ಪರಿ’, ಅದೇ ‘ಅಸ್’. ಹೀಗೆ ವಿಮರ್ಶಕನ ಪಲ್ಲಟ, ಚಾಲಕನ ಪಲ್ಟಿ, ಪಂಡಿತನ ವಿಪರ್ಯಾಸ ಮೂರೂ ಒಂದೇ ಮನೆಯ ಮಕ್ಕಳು. ಆದರೆ ಸೈನ್ಯದ ತುಕಡಿಗೆ ಹೇಳುವ ‘ಪಲಟಣ’ವನ್ನು ಈ ಬಳಗಕ್ಕೆ ಸೇರಿಸಲಾಗದು. ಅದು ಯುರೋಪಿನ ಸೈನ್ಯದಿಂದ ಬಂದ ಮಾತು. ಧ್ವನಿಯಲ್ಲಿ ಮಾತ್ರ ಸಾಮ್ಯವಿದೆ.

‘ಅಸ್’ ಧಾತುವಿನ ಸಂಸಾರ ಇಷ್ಟಕ್ಕೇ ಮುಗಿಯುವುದಿಲ್ಲ. ಎಸೆಯುವ ಆಯುಧ ‘ಅಸ್ತ್ರ’, ಎಲ್ಲವನ್ನೂ ಕೆಳಗಿಳುಹುವುದು ‘ಸಂನ್ಯಾಸ’, ಪದಗಳನ್ನು ಒಂದೆಡೆ ಕೂಡಿಹಾಕುವುದು ‘ಸಮಾಸ’, ಆಚೀಚೆಯಾಗುವುದು ‘ವ್ಯತ್ಯಾಸ’. ನಮ್ಮ ಗುರುಗಳ ‘ಉಪನ್ಯಾಸ’ವೂ ನಾವು ಮಾಡಬೇಕಾದ ‘ಅಭ್ಯಾಸ’ವೂ ಇದೇ ಧಾತುವಿನಿಂದ ಹುಟ್ಟಿದವು. ಉಪನ್ಯಾಸವೆಂದರೆ ಎದುರಿಗೆ ತಂದಿಡುವುದು. ಅಭ್ಯಾಸವೆಂದರೆ ಒಂದರ ಮೇಲೆ ಮತ್ತೆ ಮತ್ತೆ ಮನಸ್ಸನ್ನು ಹಾಕುವುದು. ತಂದಿಟ್ಟದ್ದರ ಮೇಲೆ ಮನಸ್ಸು ಹಾಕದಿದ್ದರೆ ಫಲಿತಾಂಶ ಪಲ್ಲಟವಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ವರ್ಣಪಲ್ಲಟದ ಒಳ್ಳೆಯ ಉದಾಹರಣೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ‘ಮಹಾರಾಷ್ಟ್ರ’ ಎಂಬ ಶಬ್ದದ ಹಕಾರ ರಕಾರಗಳು ಪ್ರಾಕೃತದಲ್ಲಿ ಸ್ಥಾನ ಅದಲುಬದಲು ಮಾಡಿಕೊಂಡು ‘ಮರಹಟ್ಠ’ ಎಂದಾಯಿತು. ಅದರಿಂದ ‘ಮರಾಠ’, ‘ಮರಾಠಿ’ ಬಂದವು. ‘ವಾರಾಣಸಿ’ಯಲ್ಲಿ ರಕಾರ ಣಕಾರಗಳು ಹಿಂದುಮುಂದಾಗಿ ‘ವಾಣಾರಸಿ’ ಎಂದಾಗಿ, ಕಡೆಗೆ ‘ಬನಾರಸ್’ ಆಯಿತು. ಹಳಿಯಾಳದ ಪೇಟೆಯಲ್ಲಿ ನಿತ್ಯ ಕೇಳುವ ಒಂದು ಭಾಷೆಯ ಹೆಸರೇ ವರ್ಣಪಲ್ಲಟದಿಂದ ಹುಟ್ಟಿದ್ದೆಂದು ತಿಳಿದಾಗ ವ್ಯಾಕರಣ ಪುಸ್ತಕದೊಳಗಿನ ಒಣ ಸಂಗತಿಯಾಗಿ ಉಳಿಯುವುದಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಈ ಮಾತುಗಳೆಲ್ಲ ಒಂದೇ ಅರ್ಥದವೇ? ‘ಬದಲು’ ಅರಬ್ಬಿಯಿಂದ ಬಂದದ್ದು. ಅದರ ಮೂಲಾರ್ಥ ವಿನಿಮಯ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು ಅದರ ಜೀವಾಳ. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ನಯಾ ಪೈಸೆಯ ಲೆಕ್ಕ ಬಂದದ್ದು ಬದಲಾವಣೆ. ‘ಮಾರ್ಪಾಡು’ ಎಂಬುದರಲ್ಲಿರುವುದು ನಮ್ಮ ದ್ರಾವಿಡ ಧಾತು ‘ಮಾರು’. ತಮಿಳಿನಲ್ಲಿ ಅದಕ್ಕೆ ಇಂದಿಗೂ ‘ಬೇರೆಯಾಗು’ ಎಂಬ ಅರ್ಥವಿದೆ. ನಮ್ಮಲ್ಲಿ ಸರಕನ್ನು ಕೊಟ್ಟು ಹಣ ಪಡೆಯುವ ‘ಮಾರಾಟ’ವಾಗಿಯೂ ಉಳಿದಿದೆ. ಮಾರ್ಪಾಡಿನಲ್ಲಿ ವಸ್ತು ಉಳಿದು ಅದರ ರೂಪವೋ ಗುಣವೋ ಬೇರೆಯಾಗುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವೆಂಬ ಹೆಸರು ತಳೆದದ್ದು ಮಾರ್ಪಾಡು, ನಾಡು ಅದೇ, ಹೆಸರು ಬೇರೆ. ಪಲ್ಲಟದಲ್ಲಿ ವಿನಿಮಯವೂ ಇಲ್ಲ, ಮೆಲ್ಲನೆಯ ರೂಪಾಂತರವೂ ಇಲ್ಲ. ಅಲ್ಲಿ ಇರುವುದು ಎಸೆತ. ತನ್ನ ಎಡೆಯಲ್ಲಿದ್ದದ್ದನ್ನು ಹೊರಗಿನ ಒಂದು ಬಲ ಎತ್ತಿ ಬೇರೆಡೆಗೆ ಒಗೆಯುತ್ತದೆ.

ಈ ಭೇದ ಕೇವಲ ಪಂಡಿತರ ವಿನೋದವೆಂದು ನಮ್ಮ ಸೀಮೆಯವರು ಹೇಳಲಾರರು. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಅದು ನಾಡಿಗೆ ವಿದ್ಯುತ್ತನ್ನು ಕೊಟ್ಟಿತು, ಬೆಳಕನ್ನು ಕೊಟ್ಟಿತು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಾಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಡಿ ಸೇರಿದವು. ಕಚೇರಿಗಳು ಜೋಯಿಡಾಕ್ಕೆ ಹೋದವು. ಬಹುಮಂದಿ ನಿರಾಶ್ರಿತರು ರಾಮನಗರದಲ್ಲಿ ನೆಲೆಸಿದರು. ಊರು ಹೋಗಿ ಹೆಸರು ಮಾತ್ರ ಅಣೆಕಟ್ಟಿಗೆ ಅಂಟಿಕೊಂಡಿತು. ಕಾಗದಪತ್ರಗಳು ಇದನ್ನು ‘ಸ್ಥಳಾಂತರ’ ಎನ್ನುತ್ತವೆ. ಆ ಮಾತಿನಲ್ಲಿ ಸ್ಥಳ ಬೇರೆಯಾಯಿತೆಂಬ ವರದಿಯಿದೆ, ಎಸೆತದ ನೋವು ಇಲ್ಲ. ‘ಬದಲಾವಣೆ’ ಎಂದರೆ ಕೊಟ್ಟದ್ದಕ್ಕೆ ಸಮನಾದದ್ದು ದೊರೆಯಿತೆಂಬ ಭಾವನೆ ಬರುತ್ತದೆ. ದೇವರ ಗುಡಿ, ಹೊಳೆಯ ದಂಡೆಯ ಗದ್ದೆ, ಹಿರಿಯರ ಸಮಾಧಿ ಇವುಗಳಿಗೆ ಸಮನಾದದ್ದು ಯಾವುದು? ಇಲ್ಲಿ ಒಪ್ಪುವ ಮಾತು ‘ಪಲ್ಲಟ’ವೊಂದೇ.

ಇದೇ ಸೀಮೆಗೆ ಬೇರೆಡೆಯಿಂದ ಪಲ್ಲಟಗೊಂಡು ಬಂದವರೂ ಇದ್ದಾರೆ. ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರ ಪೂರ್ವಜರು ಆಫ್ರಿಕಾದವರು. ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಹಡಗಿನಲ್ಲಿ ಗೋವೆಗೆ ತಂದರು. ತಮ್ಮ ನಾಡನ್ನು ಬಿಡಬೇಕಾಗಿ ಬಂದ ಟಿಬೆಟಿನ ನಿರಾಶ್ರಿತರಿಗಾಗಿ ಮುಂಡಗೋಡದಲ್ಲಿ ನೆಲೆಯನ್ನು 1966ರಲ್ಲಿ ಸ್ಥಾಪಿಸಲಾಯಿತು. ಸಿದ್ದಿಗಳು ಇಂದು ಕನ್ನಡ, ಕೊಂಕಣಿ, ಮರಾಠಿಗಳನ್ನು ತಮ್ಮವಾಗಿ ಮಾಡಿಕೊಂಡಿದ್ದಾರೆ. ಟಿಬೆಟಿನವರು ಕಾಡಿನ ನೆಲವನ್ನು ಹಸನು ಮಾಡಿ ಬೆಳೆ ತೆಗೆದಿದ್ದಾರೆ, ಮಠಗಳನ್ನು ಕಟ್ಟಿದ್ದಾರೆ. ಎಸೆದ ಬೀಜ ಬಿದ್ದ ನೆಲದಲ್ಲಿಯೂ ಬೇರೂರಬಲ್ಲದು. ಆದರೆ ಬೇರೂರಿದ್ದು ಬೀಜದ ಸತ್ವ. ಅದರಿಂದ ಎಸೆತ ಎಸೆತವಲ್ಲವೆಂದಾಗುವುದಿಲ್ಲ.

ಆದಕಾರಣ ಸಹಪಾಠಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಹೊಸ ವೇಳಾಪಟ್ಟಿ ಬಂದರೆ ಅದನ್ನು ಬದಲಾವಣೆ ಎನ್ನೋಣ. ಪಠ್ಯಕ್ರಮದಲ್ಲಿ ಒಂದು ಪಾಠ ತಿದ್ದಲ್ಪಟ್ಟರೆ ಮಾರ್ಪಾಡು ಎನ್ನೋಣ. ‘ಪಲ್ಲಟ’ವನ್ನು ಮಾತಿನ ಅಲಂಕಾರಕ್ಕೆಂದು ಕಂಡಕಂಡಲ್ಲಿ ಬಳಸದೆ, ನೆಲೆ ತಪ್ಪಿದ್ದನ್ನು ಹೇಳಬೇಕಾದಲ್ಲಿ ಮಾತ್ರ ಬಳಸೋಣ. ಎರಡು ಸಾವಿರ ವರ್ಷಗಳ ದಾರಿ ನಡೆದು ನಮ್ಮ ಬಳಿಗೆ ಬಂದ ಮಾತಿಗೆ ನಾವು ಸಲ್ಲಿಸಬಹುದಾದ ಗೌರವ ಅದು. ನೆಲೆ ಕಳೆದುಕೊಂಡವರಿಗೂ ಅದರಿಂದ ಅಷ್ಟರಮಟ್ಟಿಗೆ ನ್ಯಾಯ ಸಲ್ಲುತ್ತದೆ.