ನಿಮಗಿದು ಗೊತ್ತೆ? ಕೈಕಾಲು ಸೋತರೂ ನೋವು ತಿಳಿಯುತ್ತದೆ

ಮೋಟರ್ ನ್ಯೂರಾನ್ ಕಾಯಿಲೆಯಲ್ಲಿ ಸಾಯುವುದು ಸ್ನಾಯುಗಳನ್ನು ಆಡಿಸುವ ನರಕೋಶಗಳು. ಸ್ಪರ್ಶ, ನೋವು ತಿಳಿಸುವ ನರಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಹಾಗಾಗಿ ಬೆರಳು ಎತ್ತಲಾಗದವರಿಗೂ ಸೊಳ್ಳೆ ಕಚ್ಚಿದ್ದು, ಬೆನ್ನಡಿಯ ಬಟ್ಟೆ ಸುಕ್ಕುಗಟ್ಟಿ ಒತ್ತಿದ್ದು, ದಿಂಬಿನ ಮೇಲೆ ಕಿವಿ ಮಡಚಿಕೊಂಡಿದ್ದು ಎಲ್ಲವೂ ಗೊತ್ತಾಗುತ್ತದೆ. 'ಈ ಕಾಯಿಲೆಯಲ್ಲಿ ನೋವಿಲ್ಲ' ಎಂಬ ಮಾತು ತಪ್ಪು.

ಕಾಯಿಲೆಯೇ ತರುವ ನೋವೂ ಉಂಟು: ಮೀನಖಂಡ ಹಿಡಿದುಕೊಳ್ಳುತ್ತದೆ, ಕಾಲು ಸೆಟೆದುಕೊಳ್ಳುತ್ತದೆ. ಸೆಟೆತಕ್ಕೆ ವೈದ್ಯರು ಬ್ಯಾಕ್ಲೋಫೆನ್ ಕೊಡುವುದುಂಟು. ಪ್ರಮಾಣ ಹೆಚ್ಚಾದರೆ ನಿಶ್ಶಕ್ತಿಯೂ ಹೆಚ್ಚುವುದರಿಂದ ನೋಡಿಕೊಂಡು ಏರಿಸುತ್ತಾರೆ. ರಿಲುಜೋಲ್ ಕಾಯಿಲೆಯ ವೇಗವನ್ನು ತುಸು ತಗ್ಗಿಸುವ ಮಾತ್ರೆ, ನೋವಿನದಲ್ಲ.

ಮನೆಯವರು ಹೆಚ್ಚು ಗಮನ ಕೊಡಬೇಕಾದ್ದು ಹೆಗಲಿಗೆ. ಸ್ನಾಯು ಸೊರಗಿದಾಗ ತೋಳಿನ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಎಬ್ಬಿಸುವಾಗ ಕೈ ಹಿಡಿದು ಎಳೆಯಲೇಬಾರದು. ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಟ್ಟು ಎಬ್ಬಿಸಬೇಕು. ಕೂತಾಗ ಮೊಣಕೈ ಕೆಳಗೊಂದು ದಿಂಬು ಇಟ್ಟು, ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟಂತೆ ದಿನವೂ ತೋಳನ್ನು ಮೆಲ್ಲಗೆ ಆಡಿಸಿದರೆ ಕೀಲು ಬಿಗಿಯುವ ನೋವು ಎಷ್ಟೋ ತಪ್ಪುತ್ತದೆ.

ತೀವ್ರ ನೋವಿಗೆ ಮಾರ್ಫಿನ್ ಇದೆ. ಹೆಸರು ಕೇಳಿಯೇ ಹೆದರುವವರು ಬಹಳ. ಉಪಶಾಮಕ ಆರೈಕೆ ಬಲ್ಲ ವೈದ್ಯರ ಕೈಯಲ್ಲಿ ಅದು ನೋವಿನ ಜೊತೆಗೆ ಉಸಿರಾಟದ ಸಂಕಟವನ್ನೂ ತಗ್ಗಿಸುತ್ತದೆ. ನೋವು ಎಲ್ಲಿದೆ ಎಂದು ತಿಳಿಯಲು, ಮಾತು ನಿಂತುಹೋದವರನ್ನು 'ಹೆಗಲೇ? ಬೆನ್ನೇ? ಹಿಮ್ಮಡಿಯೇ?' ಎಂದು ಒಂದೊಂದೇ ಜಾಗ ಹೆಸರಿಸಿ ಕೇಳಿ, ಕಣ್ಣು ಮಿಟುಕಿಸಿ ಉತ್ತರಿಸಲು ಸಮಯ ಕೊಡಿ.