ರದ್ದಿ ಕಾಗದದ ಮೇಲಿನ ರಾಕ್ಷಸರು

ಮಕ್ಕಳೇ, ಬ್ಯಾಟ್‌ಮ್ಯಾನ್ ಕಥೆಯಲ್ಲಿ ಜೋಕರ್‌ನನ್ನು ಕೂಡಿಹಾಕುವ ಜಾಗದ ಹೆಸರೇನು? ಆರ್ಕಮ್. ಬ್ಯಾಟ್‌ಮ್ಯಾನ್ ಹುಟ್ಟುವ ಮೊದಲೇ ಈ ಹೆಸರು ಇತ್ತು ಅಂದರೆ ನಂಬುತ್ತೀರಾ? ಎಚ್. ಪಿ. ಲವ್‌ಕ್ರಾಫ್ಟ್ ಅನ್ನೋ ಅಮೆರಿಕದ ಲೇಖಕ ತನ್ನ ಭಯಾನಕ ಕಥೆಗಳಿಗಾಗಿ ಕಲ್ಪಿಸಿಕೊಂಡ ಊರು ಅದು.

ಅವನ ಕಥೆಗಳು ಹೆಚ್ಚಾಗಿ ಬರುತ್ತಿದ್ದದ್ದು 1923ರಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ. ಮರದ ತಿರುಳಿನ ಅಗ್ಗದ, ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಇಂಥ ಪತ್ರಿಕೆಗಳಿಗೆ ‘ಪಲ್ಪ್’ ಅಂತಲೇ ಹೆಸರು ಬಿತ್ತು. ಮುಖಪುಟದಲ್ಲಿ ಭೂತವೋ ರಾಕ್ಷಸನೋ, ಒಳಗೆ ಮೈ ಜುಂ ಅನ್ನಿಸುವ ಕಥೆ. ಓದಿ ಮುಗಿದ ಮೇಲೆ ರದ್ದಿಗೆ. 1932ರ ಡಿಸೆಂಬರ್ ಸಂಚಿಕೆಯಲ್ಲಿ ಟೆಕ್ಸಾಸ್‌ನ ರಾಬರ್ಟ್ ಇ. ಹೋವರ್ಡ್ ‘ಕೋನನ್’ ಅನ್ನೋ ವೀರನನ್ನು ತಂದ. ಕೈಯಲ್ಲಿ ಕತ್ತಿ, ಎದುರಿಗೆ ಮಾಟಗಾರ! ಹೋವರ್ಡ್ ಮತ್ತು ಲವ್‌ಕ್ರಾಫ್ಟ್ ವರ್ಷಗಟ್ಟಲೆ ಉದ್ದುದ್ದ ಪತ್ರ ಬರೆದುಕೊಂಡರು, ಒಮ್ಮೆಯೂ ಮುಖಾಮುಖಿ ಭೇಟಿಯಾಗಲಿಲ್ಲ. ಹೋವರ್ಡ್ 1936ರಲ್ಲಿ, ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡರು. ಲವ್‌ಕ್ರಾಫ್ಟ್ ದುಡ್ಡು ಕಾಣಲಿಲ್ಲ.

ಕಥೆಗಳು ಮಾತ್ರ ಸಾಯಲಿಲ್ಲ. 1939ರಲ್ಲಿ ಲವ್‌ಕ್ರಾಫ್ಟ್‌ನ ಇಬ್ಬರು ಗೆಳೆಯರು ಅವನ ಕಥೆಗಳನ್ನು ಪುಸ್ತಕವಾಗಿ ತರಲೆಂದೇ ಒಂದು ಪ್ರಕಾಶನ ಶುರು ಮಾಡಿದರು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ತನಗೆ ಸ್ಫೂರ್ತಿ ಕೊಟ್ಟವರ ಪಟ್ಟಿಯಲ್ಲಿ ಈ ಇಬ್ಬರ ಹೆಸರನ್ನೂ ಬರೆದಿದ್ದಾನೆ. ‘ಸ್ಟ್ರೇಂಜರ್ ಥಿಂಗ್ಸ್’ ಹುಡುಗರು ಬೇಸ್‌ಮೆಂಟಿನಲ್ಲಿ ಕೂತು ಆಡೋದು ಅದೇ ಆಟ. ವಿಡಿಯೋ ಗೇಮಿನಲ್ಲಿ ನೀವು ಕತ್ತಿ ಹಿಡಿದು ಕತ್ತಲ ಗುಹೆಗೆ ಇಳೀತೀರಲ್ಲ, ಅದರ ಬೇರೂ ಬಹುಮಟ್ಟಿಗೆ ಇಲ್ಲೇ ಇದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಈ ಕಥೆಗಳು ಚಿಕ್ಕ ಮಕ್ಕಳಿಗಲ್ಲ. ಲವ್‌ಕ್ರಾಫ್ಟ್‌ಗೆ ಬಿಳಿಯರಲ್ಲದವರನ್ನು ಕಂಡರೆ ಆಗುತ್ತಿರಲಿಲ್ಲ, ಆ ದ್ವೇಷ ಕಥೆಗಳಲ್ಲೂ ಇಣುಕುತ್ತೆ. ಹೈಸ್ಕೂಲಿನ ಮಕ್ಕಳು ಓದಿದರೆ ಅದರ ಬಗ್ಗೆಯೂ ಜೊತೆಗೆ ಕೂತು ಮಾತಾಡಿ.

ನಮ್ಮ ಕನ್ನಡದಲ್ಲಿ ಇಂಥದ್ದು ಇರಲಿಲ್ವಾ? ಧಾರಾಳವಾಗಿ ಇತ್ತು! ‘ಚಂದಮಾಮ’ ನೆನಪಿದೆಯಾ ಅಂತ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ: ಕಲಾವಿದ ಶಂಕರ್ ಬರೆದ ವಿಕ್ರಮ-ಬೇತಾಳರ ಆ ಚಿತ್ರ ಅವರ ಕಣ್ಣಿಗೆ ಈಗಲೂ ಕಟ್ಟಿರುತ್ತೆ. ಅದೇ ಪತ್ರಿಕೆಗೆ ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದ ಧಾರಾವಾಹಿಗಳ ತುಂಬ ಮಾಂತ್ರಿಕರು, ರಾಕ್ಷಸರು, ಕತ್ತಿ ಹಿರಿದ ಹುಡುಗರು. ನನ್ನ ಲೆಕ್ಕದಲ್ಲಿ ಅವರೆಲ್ಲ ಕೋನನ್‌ನ ದಾಯಾದಿಗಳೇ. ಇನ್ನು ದೊಡ್ಡವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿದ್ದವು. ಅವರು ಬರೆದದ್ದು 500ಕ್ಕೂ ಹೆಚ್ಚು. ಅದನ್ನು ಸಾಹಿತ್ಯ ಅಂತ ಒಪ್ಪದವರು ಬಹಳ ಮಂದಿ. ಆದರೆ ಕನ್ನಡ ಓದುವ ಚಟ ಎಷ್ಟೋ ಮನೆಗಳಲ್ಲಿ ಹತ್ತಿದ್ದೇ ಪತ್ತೇದಾರ ಪುರುಷೋತ್ತಮನಿಂದ.

ಚಂದಮಾಮ ಈಗ ನಿಂತುಹೋಗಿದೆ. ಹಳೆಯ ಪತ್ತೇದಾರಿ ಪುಸ್ತಕಗಳು ಎಷ್ಟೋ ಮನೆಗಳಿಂದ ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿಗೆ ಹೋಗಿವೆ.

ಅದಕ್ಕೇ ಒಮ್ಮೆ ಡೌನ್‌ಟೌನ್ ಟೊರಾಂಟೊಗೆ ಹೋದಾಗ ಕಾಲೇಜ್ ಸ್ಟ್ರೀಟಿನ ಲಿಲಿಯನ್ ಎಚ್. ಸ್ಮಿತ್ ಲೈಬ್ರರಿ ನೋಡಿ ಬನ್ನಿ. ಬಾಗಿಲಲ್ಲಿ ರೆಕ್ಕೆಯಿರುವ ಎರಡು ದೊಡ್ಡ ಕಂಚಿನ ಮೃಗಗಳು ಕಾವಲಿಗೆ ಕೂತಿವೆ. ಮೂರನೇ ಮಹಡಿಯಲ್ಲಿ ಮೆರಿಲ್ ಕಲೆಕ್ಷನ್. ಜೂಡಿತ್ ಮೆರಿಲ್ ಅನ್ನೋ ಲೇಖಕಿ 1970ರಲ್ಲಿ ತನ್ನ ಸುಮಾರು 5,000 ಪುಸ್ತಕ, ಪತ್ರಿಕೆಗಳನ್ನು ಟೊರಾಂಟೊ ಪಬ್ಲಿಕ್ ಲೈಬ್ರರಿಗೆ ಕೊಟ್ಟರು. ಮೊದಲು ಅದರ ಹೆಸರು ‘ಸ್ಪೇಸ್ಡ್ ಔಟ್ ಲೈಬ್ರರಿ’! ಹಳೆಯ ಪಲ್ಪ್ ಪತ್ರಿಕೆಗಳೂ ಅಲ್ಲಿವೆ. ಅವನ್ನು ಮನೆಗೆ ಕೊಡಲ್ಲ, ಅಲ್ಲೇ ಕೂತು ಓದಬೇಕು. ಕಾಗದದಲ್ಲಿರುವ ಆಮ್ಲದಿಂದ ಹಾಳೆ ಹಳದಿಯಾಗಿ, ಹಪ್ಪಳದ ಹಾಗೆ ಮುರಿಯುತ್ತೆ, ಅದಕ್ಕೆ.

ಅಜ್ಜಿ ಮನೆಯ ಅಟ್ಟದ ಮೇಲಿನ ಚಂದಮಾಮದ ಗತಿಯೂ ಅದೇ. ಈ ಬೇಸಿಗೆಗೆ ಊರಿಗೆ ಹೋದರೆ ಹುಡುಕಿ ನೋಡಿ. ಸಿಕ್ಕರೆ ಪುಟ ಮಡಚಬೇಡಿ, ಟೇಪ್ ಅಂಟಿಸಬೇಡಿ. ಒಂದೊಂದೇ ಪುಟದ ಫೋಟೋ ತೆಗೆದು ತನ್ನಿ, ಕ್ಲಾಸಿನಲ್ಲಿ ಎಲ್ಲರೂ ಸೇರಿ ಜೋರಾಗಿ ಓದೋಣ.