ಮತದಾನದ ದಿನ, ಹಬ್ಬದ ದಿನ



ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂಥ ಊರಿನಲ್ಲಿ ಶಾಲೆಗೆ ಹೋಗುವುದು ಕ್ಯಾಲೆಂಡರು ನೋಡಿ, ಹಬ್ಬ ಮಾಡುವುದು ಪಂಚಾಂಗ ನೋಡಿ. ಚುನಾವಣೆಯ ದಿನ ಗೊತ್ತಾಗುವುದು ಕ್ಯಾಲೆಂಡರಿನ ಲೆಕ್ಕದಲ್ಲಿ. ಹಬ್ಬವೂ ಮತದಾನವೂ ಒಂದೇ ದಿನ ಬಂದರೆ ಏನು ಮಾಡಬೇಕು?

2019ರ ಅಕ್ಟೋಬರ್ 21, ಸೋಮವಾರವನ್ನೇ ತೆಗೆದುಕೊಳ್ಳಿ. ಯಲ್ಲಾಪುರವೂ ಸೇರಿದಂತೆ ರಾಜ್ಯದ 15 ವಿಧಾನಸಭಾ ಕ್ಷೇತ್ರಗಳ ಉಪಚುನಾವಣೆ ಮೊದಲು ಗೊತ್ತಾಗಿದ್ದುದು ಅದೇ ದಿನಕ್ಕೆ. ಅನರ್ಹ ಶಾಸಕರ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಅದು ಡಿಸೆಂಬರ್ 5ಕ್ಕೆ ಹೋಯಿತು. ದೂರದ ಕೆನಡಾದಲ್ಲಿ ಸಾರ್ವತ್ರಿಕ ಚುನಾವಣೆಯೂ ಅದೇ ಅಕ್ಟೋಬರ್ 21ರಂದೇ ಇತ್ತು. ಅಂದು ಯಹೂದಿಗಳ ಶೆಮಿನಿ ಅಟ್ಸೆರೆಟ್ ಹಬ್ಬ.

ಸಂಪ್ರದಾಯಸ್ಥ ಯಹೂದಿಗಳು ಹಬ್ಬದಂದು ಬರೆಯುವುದಿಲ್ಲ, ವಾಹನ ಓಡಿಸುವುದಿಲ್ಲ. ಮತಪತ್ರದ ಮೇಲೆ ಗುರುತು ಹಾಕುವುದೂ ಬರವಣಿಗೆಯೇ ತಾನೆ? ಮುಂಗಡ ಮತದಾನಕ್ಕೆ ನಾಲ್ಕು ದಿನಗಳಿದ್ದವು. ಅವುಗಳಲ್ಲಿ ಶನಿವಾರ ಸಬ್ಬತ್, ಸೋಮವಾರ ಮತ್ತೊಂದು ಹಬ್ಬ. ಉಳಿದ ಎರಡು ದಿನಗಳಲ್ಲೂ ಸೂರ್ಯಾಸ್ತದವರೆಗೆ ಮಾತ್ರ ಅವಕಾಶ. ಏಕೆಂದರೆ ಅವರ ದಿನ ಆರಂಭವಾಗುವುದು ಸೂರ್ಯಾಸ್ತದಿಂದ. ಟೊರಾಂಟೋದ ಅಭ್ಯರ್ಥಿ ಚಾನಿ ಆರ್ಯೆ-ಬೇನ್ ನ್ಯಾಯಾಲಯದ ಮೊರೆ ಹೋದರು. ಮತ್ತೊಮ್ಮೆ ಪರಿಶೀಲಿಸಿ ಎಂದು ನ್ಯಾಯಾಲಯ ಹೇಳಿತು. ಪರಿಶೀಲಿಸಿದ ಮುಖ್ಯ ಚುನಾವಣಾಧಿಕಾರಿ, ಕಾಲ ಮೀರಿದೆ, ಈಗ ದಿನ ಬದಲಿಸಿದರೆ ಮತಗಟ್ಟೆಗಳ ಏರ್ಪಾಡು ಕೆಟ್ಟು ಇತರ ಮತದಾರರಿಗೆ ತೊಂದರೆಯಾದೀತು ಎಂದು ನಿರಾಕರಿಸಿದರು.

ಇಂಥ ಘರ್ಷಣೆ ಏಕೆ ಮರುಕಳಿಸುತ್ತದೆ? ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೌರವರ್ಷಕ್ಕೆ 365. ಈ 11 ದಿನಗಳ ಅಂತರವನ್ನು ನಾವು ಅಧಿಕಮಾಸದಿಂದ ತುಂಬುತ್ತೇವೆ. ಯಹೂದಿಗಳೂ 19 ವರ್ಷಗಳಲ್ಲಿ 7 ಅಧಿಕ ತಿಂಗಳು ಸೇರಿಸುತ್ತಾರೆ. ಹೀಗಾಗಿ ಹಬ್ಬ ಋತುವನ್ನು ಬಿಡುವುದಿಲ್ಲ, ಆದರೆ ತಾರೀಖು ಪ್ರತಿವರ್ಷ ಜರುಗುತ್ತದೆ. ಕೆನಡಾದ ಕಾನೂನು ಅಕ್ಟೋಬರಿನ ಮೂರನೆಯ ಸೋಮವಾರವನ್ನು ಗೊತ್ತುಮಾಡಿದೆ. ಆ ಋತುವಿನಲ್ಲೇ ಅವರ ದೊಡ್ಡ ಹಬ್ಬಗಳು.

ನಮ್ಮಲ್ಲಿ ಹೀಗೆ ಗೊತ್ತಾದ ವಾರವಿಲ್ಲ. ಸಂವಿಧಾನದ 324ನೇ ವಿಧಿಯಂತೆ ಚುನಾವಣೆಯ ಹೊಣೆ ಆಯೋಗದ್ದು. 2022ರಲ್ಲಿ ಗುರು ರವಿದಾಸ ಜಯಂತಿಗೆ ವಾರಾಣಸಿಗೆ ಹೋಗುವವರಿಗಾಗಿ ಪಂಜಾಬಿನ ಮತದಾನ ಫೆಬ್ರವರಿ 14ರಿಂದ 20ಕ್ಕೆ ಹೋಯಿತು. 2024ರಲ್ಲಿ ಬಿಷ್ಣೋಯಿಗಳ ಅಮಾವಾಸ್ಯೆ ಆಚರಣೆಗಾಗಿ ಹರಿಯಾಣದ್ದು ಅಕ್ಟೋಬರ್ 1ರಿಂದ 5ಕ್ಕೆ, ಕಲ್ಪಾತಿ ರಥೋತ್ಸವಕ್ಕಾಗಿ ಪಾಲಕ್ಕಾಡಿನ ಉಪಚುನಾವಣೆ ನವೆಂಬರ್ 13ರಿಂದ 20ಕ್ಕೆ ಸರಿದವು. ಮದುರೆಯ ಚಿತ್ತಿರೈ ಉತ್ಸವ 2019ರಲ್ಲಿ ಏಪ್ರಿಲ್ 18ರ ಮತದಾನದೊಡನೆ ಕೂಡಿಬಂದಾಗ ದಿನ ಬದಲಿಸಲಿಲ್ಲ. ಮತದಾನದ ವೇಳೆಯನ್ನು ರಾತ್ರಿ 8ರವರೆಗೆ ವಿಸ್ತರಿಸಿದರು.

ಆದರೆ ಬೇಕೆಂದಷ್ಟು ಮುಂದೂಡಲಾಗದು. ವಿಧಾನಸಭೆಯ ಅವಧಿ ಐದು ವರ್ಷ. ಉಮೇದುವಾರಿಕೆ ಹಿಂತೆಗೆದುಕೊಳ್ಳುವ ಕೊನೆಯ ದಿನದಿಂದ 14ನೇ ದಿನಕ್ಕೆ ಮೊದಲು ಮತದಾನ ನಡೆಸುವಂತಿಲ್ಲ. ಒಂದು ರಾಜ್ಯದ ದಿನ ಸರಿದರೆ ಇನ್ನೊಂದಕ್ಕೂ ಅದರ ಬಿಸಿ ತಟ್ಟುತ್ತದೆ: ಹರಿಯಾಣದ ಬದಲಾವಣೆಯಿಂದ ಜಮ್ಮು-ಕಾಶ್ಮೀರದ ಮತಎಣಿಕೆಯೂ ಅಕ್ಟೋಬರ್ 8ಕ್ಕೆ ಹೋಯಿತು.

ಹಾಗಾದರೆ ಅಳತೆಗೋಲು ಯಾವುದು? ಹಬ್ಬ ಎಷ್ಟು ದೊಡ್ಡದು ಎಂಬುದಲ್ಲ. ಅದು ಮತದಾರನನ್ನು ಮತಗಟ್ಟೆಯಿಂದ ದೂರ ಇಡುತ್ತದೆಯೇ ಎಂಬುದು. ಹೋಳಿಗೆ ಉಂಡು ಮತ ಹಾಕಿ ಬರಬಹುದು. ದೂರದ ಯಾತ್ರೆಯಲ್ಲಿರುವವನಿಗೆ, ಬರೆಯುವುದೇ ನಿಷಿದ್ಧವಾದವನಿಗೆ ಅದು ಸಾಧ್ಯವಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ 2024ರ ಮಾರ್ಚಿನಲ್ಲಿ ನಡೆಯಿತು, ಉತ್ತರ ಕನ್ನಡದ ಮತದಾನ ಮೇ 7ರಂದು. ನಮಗೆ ತೊಡಕಾಗಲಿಲ್ಲ. ತೊಡಕಾಗಿದ್ದರೆ ಕೇಳಲು ನಮಗೆ ಸಂಖ್ಯೆಯ ಬಲವಿತ್ತು. ಆ ಬಲವಿಲ್ಲದ ಸಣ್ಣ ಸಮುದಾಯದ ಮತಕ್ಕೂ ಅಷ್ಟೇ ಬೆಲೆಯಿದೆ. ಮುಂದಿನ ಚುನಾವಣೆಯ ದಿನ ಪ್ರಕಟವಾದಾಗ ಪಂಚಾಂಗ ತೆರೆದು ನೋಡಿ. ನಿಮ್ಮ ಹಬ್ಬದ ಜೊತೆಗೆ ನಿಮ್ಮ ಸಹಪಾಠಿಯ ಹಬ್ಬವನ್ನೂ ಹುಡುಕಿ.